ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಹಳೆಯ ಎ320: ಹೊಸ ಆ್ಯಡ್-ಆನ್ ಅನ್ನು ಹಿಂದಿನ ಮಾದರಿಗೆ ಒಗ್ಗಿಸುವ ಕೆಲಸ

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ತಂತ್ರಾಂಶಕ್ಕೆ ಫ್ಲೈಟ್ ಸಿಮ್ಯುಲೇಟರ್ ಎಂದು ಹೆಸರು. ಅದಕ್ಕೆ ಬೇರೆಯವರು ತಯಾರಿಸಿ ಸೇರಿಸುವ ವಿಮಾನ, ನಿಲ್ದಾಣ, ಭೂದೃಶ್ಯಗಳನ್ನು ಆ್ಯಡ್-ಆನ್ ಎನ್ನುತ್ತಾರೆ. ಹೊಸ ಮಾದರಿಯ ಪ್ರಯಾಣಿಕ ವಿಮಾನದ ಆ್ಯಡ್-ಆನ್ ಒಂದನ್ನು ಎತ್ತಿಕೊಂಡು, ಅದರ ಎಂಜಿನ್, ರೆಕ್ಕೆಯ ತುದಿ, ಚಕ್ರ, ತೂಕ, ಕಾಕ್‌ಪಿಟ್ ಎಲ್ಲವನ್ನೂ ತಿದ್ದಿ ಅದೇ ವಂಶದ ಹಿಂದಿನ ವಿಮಾನವನ್ನಾಗಿ ಮಾಡುವುದು ಈ ಹವ್ಯಾಸದೊಳಗಿನ ಒಂದು ಪ್ರತ್ಯೇಕ ಕಸುಬು. ಹೊರಮೈಗೆ ಹಳೆಯ ಬಣ್ಣ ಬಳಿಯುವ ರೀಪೇಂಟ್ ಕೆಲಸಕ್ಕಿಂತ ಇದು ಎಷ್ಟೋ ಆಳದ್ದು. ರೀಪೇಂಟ್‌ನಿಂದ ಚಿತ್ರ ಮಾತ್ರ ಬದಲಾಗುತ್ತದೆ. ಇಲ್ಲಿ ವಿಮಾನ ಓಡುವ, ಏರುವ, ಇಳಿಯುವ ರೀತಿಯೇ ಬದಲಾಗಬೇಕು.

ಭಾರತದ ಮಟ್ಟಿಗೆ ಈ ಕೆಲಸಕ್ಕೆ ಅತ್ಯಂತ ಯೋಗ್ಯವಾದ ವಿಮಾನವೆಂದರೆ ಇಂಡಿಯನ್ ಏರ್‌ಲೈನ್ಸ್ 1989ರಿಂದ ಹಾರಿಸಿದ ಏರ್‌ಬಸ್ ಎ320-231. ಬೆಂಗಳೂರಿಗೂ ಕೇರಳದ ನಿಲ್ದಾಣಗಳಿಗೂ ದಶಕಗಳ ಕಾಲ ಬಂದುಹೋದ ಈ ವಿಮಾನಕ್ಕೆ ಬೇರೆ ಯಾವ ದೇಶದ ಸಂಸ್ಥೆಯೂ ಆರಿಸಿಕೊಳ್ಳದ ಚಕ್ರವ್ಯವಸ್ಥೆ ಇತ್ತು. ಆದ್ದರಿಂದ ಈ ಲೇಖನ ಮುಖ್ಯವಾಗಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತದೆ.

ತಂತ್ರಾಂಶಗಳು ವಿಮಾನವನ್ನು ಬಗೆಯುವ ರೀತಿ

ಬ್ರೂಸ್ ಆರ್ಟ್‌ವಿಕ್ ಅವರ ಸಬ್‌ಲಾಜಿಕ್ ಕಂಪನಿಯಿಂದ ಹೊರಟ ಸಿಮ್ಯುಲೇಟರ್ 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಗಿ ಐಬಿಎಂ ಪಿಸಿಗೆ ಬಂತು. ಈ ಸರಣಿಯ 2004 ಆವೃತ್ತಿಯೂ, 2006ರಲ್ಲಿ ಬಂದ ಎಫ್‌ಎಸ್‌ಎಕ್ಸ್ ಕೂಡ ಆ್ಯಡ್-ಆನ್ ತಯಾರಿಕೆಯ ದೊಡ್ಡ ಕಾಲವನ್ನು ಕಂಡವು. 2009ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಇದನ್ನು ತಯಾರಿಸುತ್ತಿದ್ದ ತನ್ನ ಏಸಸ್ ಸ್ಟುಡಿಯೊವನ್ನು ಮುಚ್ಚಿತು. ಸರಣಿ ಮತ್ತೆ ಎದ್ದದ್ದು 2020ರ ಆಗಸ್ಟ್‌ನಲ್ಲಿ. ಇದರ ಪಕ್ಕದಲ್ಲೇ ಆಸ್ಟಿನ್ ಮೇಯರ್ ಅವರ ಎಕ್ಸ್-ಪ್ಲೇನ್ 1995ರಿಂದಲೂ, ಮುಕ್ತ ತಂತ್ರಾಂಶವಾದ ಫ್ಲೈಟ್‌ಗಿಯರ್ 1997ರಿಂದಲೂ ನಡೆದುಬಂದಿವೆ.

ಮೈಕ್ರೋಸಾಫ್ಟ್ ಸರಣಿಯ ಹಳೆಯ ಆವೃತ್ತಿಗಳಲ್ಲಿ ವಿಮಾನವೆಂದರೆ ಒಂದು ಫೋಲ್ಡರ್. ಆಕಾರಕ್ಕೆ ಮಾಡೆಲ್, ಬಣ್ಣಕ್ಕೆ ಟೆಕ್ಸ್‌ಚರ್, ಕಾಕ್‌ಪಿಟ್‌ಗೆ ಪ್ಯಾನೆಲ್, ಸದ್ದಿಗೆ ಸೌಂಡ್ ಎಂದು ಒಳಫೋಲ್ಡರ್‌ಗಳು ಇರುತ್ತವೆ. ಇವೆಲ್ಲವನ್ನೂ ಕಟ್ಟಿ ಹಿಡಿಯುವುದು ಏರ್‌ಕ್ರಾಫ್ಟ್ ಸಿಎಫ್‌ಜಿ ಎಂಬ ಸಾದಾ ಪಠ್ಯದ ಫೈಲು. ತೂಕ, ಇಂಧನ ಟ್ಯಾಂಕು, ರೆಕ್ಕೆಯ ವಿಸ್ತೀರ್ಣ, ಎಂಜಿನ್ನಿನ ನೂಕುಬಲ ಎಲ್ಲವೂ ಅದರೊಳಗೆ ಅಡಿ, ಪೌಂಡುಗಳ ಲೆಕ್ಕದಲ್ಲಿ ಬರೆದಿರುತ್ತವೆ. ವಾಯುಬಲದ ಗುಣಾಂಕಗಳಿಗೆ ಏರ್ ಎಂಬ ಬೇರೆ ಫೈಲಿದೆ. 2020ರ ಆವೃತ್ತಿಯಲ್ಲಿ ಈ ಮಾಹಿತಿ ಫ್ಲೈಟ್ ಮಾಡೆಲ್, ಎಂಜಿನ್ಸ್, ಸಿಸ್ಟಮ್ಸ್ ಎಂದು ಬೇರೆ ಬೇರೆ ಫೈಲುಗಳಿಗೆ ಹಂಚಿಹೋಯಿತು. ಮೂಲ ವಿಮಾನವನ್ನು ಮುಟ್ಟದೆ, ಅದನ್ನು ಆಧಾರವಾಗಿ ತೋರಿಸಿ ಬದಲಾದ ಅಂಶಗಳನ್ನಷ್ಟೇ ಬರೆದುಕೊಳ್ಳುವ ಅನುಕೂಲವೂ ಬಂತು. ಹಿಂದಿನ ಮಾದರಿ ಮಾಡುವವರಿಗೆ ಇದು ದೊಡ್ಡ ಉಪಕಾರ.

ಎಕ್ಸ್-ಪ್ಲೇನ್‌ನ ದಾರಿ ಬೇರೆ. ಅದು ರೆಕ್ಕೆ, ಬಾಲಗಳನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿ ಒಂದೊಂದರ ಮೇಲಿನ ಬಲವನ್ನೂ ಹಾರಾಟದ ನಡುವೆಯೇ ಲೆಕ್ಕ ಹಾಕುತ್ತದೆ. ಅಲ್ಲಿ ಪ್ಲೇನ್ ಮೇಕರ್ ಎಂಬ ಸಾಧನದಲ್ಲಿ ರೆಕ್ಕೆಯ ತುದಿ ಮೊಟಕು ಮಾಡಿದರೆ ಎಳೆತ ತಾನಾಗಿ ಹೆಚ್ಚುತ್ತದೆ. ಮೈಕ್ರೋಸಾಫ್ಟ್ ಸರಣಿಯ ಹಳೆಯ ಆವೃತ್ತಿಗಳಲ್ಲಿ ಆಕಾರ ಬದಲಿಸಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಅಂಕಿಗಳನ್ನು ಕೈಯಾರೆ ತಿದ್ದಬೇಕು. ಹೊಸ ರೆಕ್ಕೆತುದಿ ಕಿತ್ತುಹಾಕಿಯೂ ಇಂಧನ ಖರ್ಚು ಹೊಸ ವಿಮಾನದ್ದೇ ಉಳಿದಿರುವ ಪರಿವರ್ತನೆಗಳು ಹುಟ್ಟುವುದು ಇದರಿಂದಲೇ.

ಯಾವ ಎ320?

ಎ320 ಮೊದಲು ಹಾರಿದ್ದು 1987ರ ಫೆಬ್ರುವರಿ 22ರಂದು. ಏರ್ ಫ್ರಾನ್ಸ್‌ನಲ್ಲಿ ಸೇವೆ ಆರಂಭಿಸಿದ್ದು 1988ರಲ್ಲಿ. ಮೊದಲ 21 ವಿಮಾನಗಳು 100 ಸರಣಿಯವು. ಅವಕ್ಕೆ ನಡುವಿನ ಇಂಧನ ಟ್ಯಾಂಕೂ ಇರಲಿಲ್ಲ, ರೆಕ್ಕೆತುದಿಯ ಫೆನ್ಸ್ ಎಂಬ ಪುಟ್ಟ ಬಾಣದಾಕಾರದ ಹಲಗೆಯೂ ಇರಲಿಲ್ಲ. ಅವೆರಡನ್ನೂ ಪಡೆದದ್ದು 200 ಸರಣಿ. 2012ರ ಕೊನೆಗೆ ಶಾರ್ಕ್‌ಲೆಟ್ ಎಂಬ ಮೇಲ್ಮುಖ ರೆಕ್ಕೆತುದಿ ಬಂತು. 2016ರಲ್ಲಿ ಹೊಸ ಎಂಜಿನ್ನಿನ ನಿಯೊ ಸೇವೆಗೆ ಇಳಿಯಿತು.

ಮಾದರಿ ಸಂಖ್ಯೆ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. 231ರಲ್ಲಿ ಮೊದಲ ಅಂಕಿ ಸರಣಿಯದು. ನಡುವಿನ 3 ಎಂದರೆ ಎಂಜಿನ್ ಇಂಟರ್‌ನ್ಯಾಷನಲ್ ಏರೋ ಎಂಜಿನ್ಸ್‌ನದು. ಕೊನೆಯ 1, ಆ ಎಂಜಿನ್ನಿನ ಆರಂಭದ ರೂಪವಾದ ವಿ2500-ಎ1. ನಡುವೆ 1 ಇದ್ದರೆ ಸಿಎಫ್ಎಂ56. 251ಎನ್ ಎಂದರೆ ಲೀಪ್ ಎಂಜಿನ್ ಹೊತ್ತ ನಿಯೊ. ಇಂದು ಉಚಿತವಾಗಿ ಸಿಗುವ, ಬಹಳ ಮುಂದುವರಿದಿರುವ ಫ್ಲೈಬೈವೈರ್ ತಂಡದ ಎ32ಎನ್‌ಎಕ್ಸ್ ಈ 251ಎನ್ ಮಾದರಿಯದು. 2020ರ ಸಿಮ್ಯುಲೇಟರ್ ಜೊತೆಗೇ ಬಂದ ಸಾದಾ ಎ320ನಿಯೊವನ್ನು ಸ್ವಯಂಸೇವಕರು ತಿದ್ದುತ್ತಾ ಬೆಳೆಸಿದ ವಿಮಾನ ಅದು. ಅಲ್ಲಿಂದ 231ರವರೆಗೆ ಹಿಂದಕ್ಕೆ ನಡೆಯುವುದೆಂದರೆ ಏರ್‌ಬಸ್‌ನ ಕಾಲು ಶತಮಾನದ ತಿದ್ದುಪಡಿಗಳನ್ನು ಒಂದೊಂದಾಗಿ ಬಿಚ್ಚುವುದು.

ಬಿಚ್ಚಲು ಬೇಕಾದ ಅಳತೆಗಳು ಗುಟ್ಟಿನವಲ್ಲ. ವಿಮಾನ ನಿಲ್ದಾಣ ಕಟ್ಟುವವರಿಗಾಗಿ ಏರ್‌ಬಸ್ ಪ್ರಕಟಿಸುವ ಗುಣಲಕ್ಷಣಗಳ ಕೈಪಿಡಿಯಲ್ಲಿ ಉದ್ದ, ಅಗಲ, ತೂಕ, ಚಕ್ರಗಳ ಹೆಜ್ಜೆಗುರುತು ಎಲ್ಲವೂ ಇವೆ. ಯುರೋಪಿನ ವಾಯುಯಾನ ಸುರಕ್ಷಾ ಸಂಸ್ಥೆಯ ಪ್ರಮಾಣಪತ್ರದ ದಾಖಲೆಯಲ್ಲಿ ಪ್ರತಿ ಉಪಮಾದರಿಯ ಎಂಜಿನ್ನು, ಮಿತಿಗಳು ಸಿಗುತ್ತವೆ. ಫೋಟೊ ನೋಡಿ ಅಂದಾಜಿಸುವ ಮೊದಲು ಇವೆರಡನ್ನೂ ಓದಬೇಕು.

ಎಂಟು ಚಕ್ರಗಳ ಎ320

ಸಾಮಾನ್ಯ ಎ320ಕ್ಕೆ ರೆಕ್ಕೆಯ ಕೆಳಗಿನ ಒಂದೊಂದು ಕಾಲಿಗೂ ಎರಡೆರಡು ಚಕ್ರ. ಇಂಡಿಯನ್ ಏರ್‌ಲೈನ್ಸ್ ತರಿಸಿಕೊಂಡ ವಿಮಾನಗಳಲ್ಲಿ ಒಂದು ಕಾಲಿಗೆ ನಾಲ್ಕು ಚಕ್ರಗಳ ಬೋಗಿ ಇತ್ತು. ಅಂದಿನ ಭಾರತದ ಹಲವು ರನ್‌ವೇಗಳ ಹಾಸು ಭಾರ ತಡೆಯುವಷ್ಟು ಗಟ್ಟಿಯಿರಲಿಲ್ಲ. ಅದೇ ತೂಕವನ್ನು ಎಂಟು ಚಕ್ರಗಳಿಗೆ ಹಂಚಿದರೆ ಹಾಸಿನ ಮೇಲಿನ ಒತ್ತಡ ತಗ್ಗುತ್ತದೆ. ಅದಕ್ಕೆ ತೆತ್ತ ಬೆಲೆ ಕಾಲುಗಳ ಹೆಚ್ಚುವರಿ ತೂಕ. ರನ್‌ವೇಗಳು ಬಲಗೊಂಡ ಮೇಲೆ ಈ ವ್ಯವಸ್ಥೆಯ ಅಗತ್ಯ ಹೋಯಿತು. ನಂತರ ಭಾರತಕ್ಕೆ ಬಂದ ಎ320ಗಳು ಎರಡು ಚಕ್ರದ ಕಾಲಿನವೇ.

ಪರಿವರ್ತನೆಯಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಒಂದು, ಆಕಾರದ ಕೆಲಸ: ಬ್ಲೆಂಡರ್ ಅಥವಾ 3ಡಿಎಸ್ ಮ್ಯಾಕ್ಸ್‌ನಲ್ಲಿ ಚಿಕ್ಕ ಗಾತ್ರದ ನಾಲ್ಕು ಚಕ್ರ, ಅವನ್ನು ಹಿಡಿದ ಅಡ್ಡತೊಲೆ, ಮಡಚಿಕೊಳ್ಳುವ ಚಲನೆ, ಮುಚ್ಚುವ ಬಾಗಿಲು ಎಲ್ಲವನ್ನೂ ಹೊಸದಾಗಿ ಮಾಡಬೇಕು. ಇನ್ನೊಂದು, ಅಂಕಿಗಳ ಕೆಲಸ. ಸಿಮ್ಯುಲೇಟರ್‌ಗೆ ವಿಮಾನ ನೆಲ ಮುಟ್ಟುವುದು ಗೊತ್ತಾಗುವುದು ಕಾಂಟ್ಯಾಕ್ಟ್ ಪಾಯಿಂಟ್ ಎಂಬ ಸಾಲುಗಳಿಂದ. ಪ್ರತಿ ಸಾಲಿನಲ್ಲೂ ಆ ಬಿಂದುವಿನ ಜಾಗ, ಚಕ್ರದ ತ್ರಿಜ್ಯ, ನಿಂತಾಗ ಕಾಲಿನ ಕಂಬವಾದ ಸ್ಟ್ರಟ್ ಎಷ್ಟು ಕುಗ್ಗುತ್ತದೆ, ಕುಲುಕಾಟ ಎಷ್ಟು ಬೇಗ ಅಡಗುತ್ತದೆ, ಗೇರ್ ಎಂಬ ಈ ಚಕ್ರವ್ಯವಸ್ಥೆ ಇಳಿಯಲು ಎಷ್ಟು ಹೊತ್ತು ಬೇಕು ಎಂಬ ವಿವರಗಳಿರುತ್ತವೆ. ಚಕ್ರದ ತ್ರಿಜ್ಯ ಬದಲಿಸಿ, ನಿಂತಾಗಿನ ಎತ್ತರ ಹೇಳುವ ಸಾಲನ್ನು ಮರೆತರೆ ವಿಮಾನ ರನ್‌ವೇಯಲ್ಲಿ ಹೂತುಕೊಳ್ಳುತ್ತದೆ, ಇಲ್ಲವೇ ತೆರೆದ ಕೂಡಲೇ ಗಾಳಿಯಿಂದ ಧಪ್ಪನೆ ಬೀಳುತ್ತದೆ. ಒಂದು ಕಾಲಿಗೆ ಒಂದೇ ಬಿಂದು ಇಟ್ಟು ಬೋಗಿಯನ್ನು ಬರಿಯ ಚಿತ್ರವಾಗಿ ತೋರಿಸುವುದು ಸುಲಭದ ದಾರಿ. ಹೆಚ್ಚಿನವರಿಗೆ ಅಷ್ಟು ಸಾಕು. ಆದರೆ ಮುಂದಿನ, ಹಿಂದಿನ ಚಕ್ರಗಳು ಒಂದರ ನಂತರ ಒಂದು ನೆಲ ಮುಟ್ಟುವ ಅನುಭವ ಬೇಕಾದರೆ ಬಿಂದುಗಳನ್ನು ಬೇರ್ಪಡಿಸದೆ ಗತಿಯಿಲ್ಲ.

ಗೇರ್ ತಿದ್ದಿದ ಬಳಿಕ ಖಾಲಿ ತೂಕವನ್ನೂ ಭಾರಕೇಂದ್ರವನ್ನೂ ಮತ್ತೆ ಲೆಕ್ಕ ಹಾಕಬೇಕು. ಬೋಗಿಯಿಂದ ತೂಕ ಏರುತ್ತದೆ. ನಿಯೊ ಎಂಜಿನ್ನಿಗಿಂತ ಹಗುರವಾದ ಹಳೆಯ ಎಂಜಿನ್ನಿನಿಂದ ಇಳಿಯುತ್ತದೆ. ನಿಯೊ ಗರಿಷ್ಠ 79 ಟನ್ ತೂಕದಲ್ಲಿ ಏರಬಲ್ಲದು. ಹಳೆಯ 200 ಸರಣಿಯ ಆರಂಭದ ಮಿತಿ 73.5 ಟನ್. ಈ ಮಿತಿಯನ್ನು ತಿದ್ದದ ಪರಿವರ್ತನೆಯಲ್ಲಿ ಐದು ಟನ್‌ಗಿಂತ ಹೆಚ್ಚು ಸುಳ್ಳು ಸರಕು ತುಂಬಬಹುದು.

ಎಂಜಿನ್

ಲೀಪ್-1ಎ ಎಂಜಿನ್ನಿನ ಫ್ಯಾನ್ ವ್ಯಾಸ 1.98 ಮೀಟರ್, ವಿ2500ರದು ಸುಮಾರು 1.6 ಮೀಟರ್. ಹೊರಗವಚವೂ ಬೇರೆ. ವಿ2500ರ ಕವಚ ಎಂಜಿನ್ನಿನ ಉದ್ದಕ್ಕೂ ಹಿಂದಿನ ತನಕ ಚಾಚಿ, ಬಿಸಿಗಾಳಿ ತಣ್ಣನೆಗಾಳಿಗಳನ್ನು ಒಂದೇ ಬಾಯಿಂದ ಬಿಡುತ್ತದೆ. ಇಳಿದ ಮೇಲೆ ವೇಗ ತಗ್ಗಿಸಲು ಗಾಳಿಯನ್ನು ಮುಂದಕ್ಕೆ ತಿರುಗಿಸುವ ಅದರ ರಿವರ್ಸರ್ ತೆರೆದಾಗ ಕವಚದ ಹಿಂಭಾಗ ಜಾರುತ್ತದೆ. ಸಿಎಫ್ಎಂ56-5ರಲ್ಲಿ ಅದರ ಬದಲು ನಾಲ್ಕು ಬಾಗಿಲು ಹೊರಕ್ಕೆ ತೆರೆಯುತ್ತವೆ. ಹಾಗಾಗಿ ಸಿಎಫ್ಎಂ ಎಂಜಿನ್ನಿನ ಮಾಡೆಲ್‌ಗೆ ಇಂಡಿಯನ್ ಏರ್‌ಲೈನ್ಸ್ ಬಣ್ಣ ಹಚ್ಚಿದರೆ, ವಿಮಾನ ಬಲ್ಲವರಿಗೆ ದೂರದಿಂದಲೇ ತಪ್ಪು ಗೊತ್ತಾಗುತ್ತದೆ.

ಒಳಗಿನ ವ್ಯತ್ಯಾಸ ಇನ್ನೂ ಮುಖ್ಯ. ಲೀಪ್ ಮತ್ತು ಸಿಎಫ್ಎಂ ಎಂಜಿನ್ನುಗಳ ಬಲವನ್ನು ಪೈಲಟ್ ನೋಡುವುದು ಫ್ಯಾನಿನ ವೇಗವಾದ ಎನ್1ರಲ್ಲಿ. ವಿ2500ರಲ್ಲಿ ಮುಖ್ಯ ಮಾಪನ ಇಪಿಆರ್, ಅಂದರೆ ಎಂಜಿನ್ನಿನ ಹಿಂದಿನ ಮತ್ತು ಮುಂದಿನ ಗಾಳಿಯೊತ್ತಡಗಳ ಅನುಪಾತ. ಪರದೆಯ ಮೇಲೆ ಹೊಸ ಮಾಪಕ ಬರೆದರಷ್ಟೇ ಸಾಲದು. ಎಂಜಿನ್ನಿನ ಬಲವನ್ನು ತಾನೇ ಹೊಂದಿಸುವ ಆಟೊಥ್ರಸ್ಟ್ ಯಾವ ಅಂಕಿಯನ್ನು ಬೆನ್ನಟ್ಟಬೇಕು, ಇಪಿಆರ್ ಸಿಗದಿದ್ದಾಗ ಎನ್1ಕ್ಕೆ ಹೇಗೆ ಇಳಿಯಬೇಕು ಎಂಬ ತರ್ಕವೂ ಬದಲಾಗಬೇಕು. ನೂಕುಬಲ ಲೀಪ್-1ಎ26ರಲ್ಲಿ ಸುಮಾರು 27,100 ಪೌಂಡ್, ವಿ2500-ಎ1ರಲ್ಲಿ 25,000 ಪೌಂಡ್. ಎಂಜಿನ್ನಿನ ಒಳಗೆ ಹೋಗುವ ಗಾಳಿಗೆ ಹೋಲಿಸಿದರೆ ಸುತ್ತಲಿಂದ ಹಾಯುವ ಗಾಳಿಯ ಪ್ರಮಾಣ, ಅಂದರೆ ಬೈಪಾಸ್ ಅನುಪಾತ, 11ರಿಂದ 5.4ರ ಹತ್ತಿರಕ್ಕೆ ಇಳಿಯುತ್ತದೆ. ಇದರಿಂದ ಎತ್ತರಕ್ಕೆ ಏರಿದಂತೆ ಬಲ ಕುಂದುವ ರೀತಿಯೂ ಬೇರೆಯಾಗುತ್ತದೆ.

ಇಂಧನದ ಲೆಕ್ಕದಲ್ಲಿ ಒಂದು ಸಾಮಾನ್ಯ ತಪ್ಪು ನಡೆಯುತ್ತದೆ. ನಿಯೊ ಹಿಂದಿನದಕ್ಕಿಂತ 15 ಶೇಕಡ ಕಡಿಮೆ ಇಂಧನ ಸುಡುತ್ತದೆ ಎಂಬುದು ಏರ್‌ಬಸ್ ಹೇಳಿದ ಮಾತು. ಹಿಂದಕ್ಕೆ ಹೋಗುವವರು ನಿಯೊದ ಅಂಕಿಗೆ 15 ಶೇಕಡ ಸೇರಿಸಿಬಿಡುತ್ತಾರೆ. ನೂರನ್ನು ಎಂಬತ್ತೈದರಿಂದ ಭಾಗಿಸಿದರೆ ಸಿಗುವುದು ಸುಮಾರು 1.18. ಎಂದರೆ ಸೇರಿಸಬೇಕಾದ್ದು 18 ಶೇಕಡದ ಹತ್ತಿರ.

ತಳಮಟ್ಟದ ಬಲದಿಂದ ಪೂರ್ಣ ಬಲಕ್ಕೆ ಎಂಜಿನ್ ಎಷ್ಟು ಹೊತ್ತಿನಲ್ಲಿ ಏರುತ್ತದೆ ಎಂಬುದನ್ನು ಸರಿಯಾಗಿ ಕೂರಿಸುವುದು ಕರ್ನಾಟಕದ ಓದುಗರಿಗೆ ಬರಿಯ ತಾಂತ್ರಿಕ ವಿವರವಾಗಿ ಉಳಿಯಲಾರದು. 1990ರ ಫೆಬ್ರುವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ವಿಮಾನ ಇದೇ ಎ320-231, ನೋಂದಣಿ ವಿಟಿ-ಇಪಿಎನ್. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಇಳಿಯುವ ದಾರಿಯಲ್ಲಿ ಎಂಜಿನ್ನುಗಳು ತಳಮಟ್ಟದ ಬಲದಲ್ಲೇ ಇದ್ದು ವೇಗ ಕುಸಿದಿತ್ತು. ಬಲ ಕೊಟ್ಟಾಗ ಹೊತ್ತು ಮೀರಿತ್ತು. ಈ ವಿಮಾನವನ್ನು ಮರುನಿರ್ಮಿಸುವವರು ಎಂಜಿನ್ನಿಗೆ ನಿಜವಾದ ತಡ ಕೊಡಬೇಕು. ಕೊಡದಿದ್ದರೆ, ಆ ಕಾಲದ ಪೈಲಟ್‌ಗಳಿಗೆ ಯಾವ ಎಚ್ಚರ ಬೇಕಿತ್ತು ಎಂಬುದೇ ಅದರಲ್ಲಿ ಕಾಣದೆ ಹೋಗುತ್ತದೆ.

ಕಾಕ್‌ಪಿಟ್‌ನಿಂದ ತೆಗೆದುಹಾಕಬೇಕಾದವು

ಹಳೆಯ ಎ320ದ ಆರು ಪರದೆಗಳು ಟಿವಿ ಕೊಳವೆಯಂತಹ ಸಿಆರ್‌ಟಿಗಳು. ಗಾಜಿನ ಉಬ್ಬು, ಬಣ್ಣಗಳ ಮಬ್ಬು ತೋರಿಸುವುದು ಸುಲಭ. ಕಷ್ಟವಿರುವುದು ಅವುಗಳ ಹಿಂದಿನ ವ್ಯವಸ್ಥೆಯಲ್ಲಿ. 1989ರ ವಿಮಾನಕ್ಕೆ ಜಿಪಿಎಸ್ ಇರಲಿಲ್ಲ. ಜಡತ್ವದ ಮೇಲೆ ನಡೆಯುವ ಮೂರು ಐಆರ್‌ಎಸ್ ಘಟಕಗಳು ತಾವಿರುವ ಜಾಗವನ್ನು ಹೇಳುತ್ತಿದ್ದವು. ಹೊತ್ತು ಹೋದಂತೆ ಆ ಜಾಗ ಸ್ವಲ್ಪ ಸ್ವಲ್ಪ ಜಾರುತ್ತಿತ್ತು. ನೆಲದ ವಿಒಆರ್, ಡಿಎಂಇ ಕೇಂದ್ರಗಳ ಸಂಕೇತ ಸಿಕ್ಕಾಗ ಸರಿಯಾಗುತ್ತಿತ್ತು. ಅರಬ್ಬಿ ಸಮುದ್ರದ ಮೇಲೆ ಕೊಲ್ಲಿ ದೇಶಗಳಿಂದ ತಿರುವನಂತಪುರದ ಕಡೆ ಬರುವ ಹಾದಿಯಲ್ಲಿ ಅಂತಹ ಕೇಂದ್ರಗಳಿಲ್ಲ. ಕರಾವಳಿ ಹತ್ತಿರವಾಗುವಾಗ ನಕ್ಷೆಯ ಮೇಲಿನ ವಿಮಾನ ತುಸು ಜರುಗಿ ಸರಿಯಾಗುವುದು ಕಂಡರೆ ಪರಿವರ್ತನೆ ಒಳಗಿನ ತನಕ ಇಳಿದಿದೆ ಎಂದು ತಿಳಿಯಬಹುದು.

ಎದುರು ವಿಮಾನದ ಎಚ್ಚರಿಕೆ ಕೊಡುವ ಟಿಕ್ಯಾಸ್ ಕೂಡ ಮೊದಲು ಇರಲಿಲ್ಲ. 1996ರ ನವೆಂಬರ್ 12ರಂದು ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಢಿಕ್ಕಿಯಾದ ನಂತರವೇ ಅದು ಭಾರತದಲ್ಲಿ ಕಡ್ಡಾಯವಾದದ್ದು. 29,000 ಅಡಿಯ ಮೇಲೆ ವಿಮಾನಗಳ ನಡುವಿನ ಎತ್ತರದ ಅಂತರ 2,000 ಅಡಿಯಿಂದ 1,000 ಅಡಿಗೆ ಇಳಿದದ್ದು 2003ರಲ್ಲಿ. ಯಾವ ವರ್ಷದ ವಿಮಾನ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕಾದ್ದು ಇದಕ್ಕೇ. ಬಣ್ಣದ ಮಾತೂ ಹಾಗೆಯೇ: ಕಿತ್ತಳೆ ಬಾಲದ ಇಂಡಿಯನ್ ಏರ್‌ಲೈನ್ಸ್ 2005ರ ಡಿಸೆಂಬರ್‌ನಲ್ಲಿ ಕೋನಾರ್ಕದ ಚಕ್ರದ ಗುರುತಿನ ‘ಇಂಡಿಯನ್’ ಆಯಿತು, 2007ರಲ್ಲಿ ಏರ್ ಇಂಡಿಯಾದೊಂದಿಗೆ ಕೂಡಿತು. ಮುಂಬಾಗಿಲು ಮಾತ್ರ ಯಾವ ಕಾಲದ ಎ320ಕ್ಕೂ ಒಂದೇ ಅಳತೆ. 

ಕಲೂರ್‌ನ ಮೇಲಿನ ಆಕಾಶ

ವಿಮಾನ ಹಳೆಯದಾಗಿ ಕೆಳಗಿನ ಊರು ಇಂದಿನದೇ ಆಗಿದ್ದರೆ ಹಾರಾಟ ಕಣ್ಣಿಗೆ ಒಡೆದು ಕಾಣುತ್ತದೆ. ಎಫ್‌ಎಸ್‌ಎಕ್ಸ್‌ನಲ್ಲಿ ನಗರವೆಂದರೆ ಎಲ್ಲೆಡೆ ಒಂದೇ ಬಗೆಯ ಹಾಸು, ಆದ್ದರಿಂದ ಈ ತೊಡಕು ಇರಲಿಲ್ಲ. 2020ರ ಆವೃತ್ತಿ ಬಿಂಗ್ ನಕ್ಷೆಯ ಉಪಗ್ರಹ ಚಿತ್ರಗಳನ್ನೇ ನೆಲಕ್ಕೆ ಹಾಸುತ್ತದೆ. ಅದರಲ್ಲಿ ಕೊಚ್ಚಿಯ ಕಲೂರ್ ಮೇಲೆ ಹಾರಿದರೆ 1996ರಲ್ಲಿ ತೆರೆದ ಜವಾಹರಲಾಲ್ ನೆಹರು ಕ್ರೀಡಾಂಗಣವೂ, 2017ರ ಅಕ್ಟೋಬರ್‌ನಲ್ಲಿ ಆ ಭಾಗಕ್ಕೆ ಬಂದ ಮೆಟ್ರೊ ದಾರಿಯೂ ಎದುರಾಗುತ್ತವೆ. 1990ರ ಹಾರಾಟಕ್ಕೆ ಇವೆರಡೂ ಇರಕೂಡದು. ಭೂದೃಶ್ಯ ಮಾಡುವವರಿಗೆ ಕಲೂರ್ ಹೀಗೆ ಕಾಲ ಗುರುತಿಸುವ ಒಳ್ಳೆಯ ಜಾಗ.

ನಿಲ್ದಾಣಗಳ ಕಥೆ ಇನ್ನೂ ತೊಡಕಿನದು. ಕೊಚ್ಚಿಯ ಈಗಿನ ನೆಡುಂಬಾಶ್ಶೇರಿ ನಿಲ್ದಾಣ ಉದ್ಘಾಟನೆಯಾದದ್ದು 1999ರ ಮೇ 25ರಂದು, ವಿಮಾನಗಳು ಬರತೊಡಗಿದ್ದು ಜೂನ್ 10ರಿಂದ. ಅದಕ್ಕೆ ಮುಂಚೆ ಕೊಚ್ಚಿಗೆ ಬರುವ ವಿಮಾನ ಇಳಿಯುತ್ತಿದ್ದುದು ವಿಲಿಂಗ್ಡನ್ ದ್ವೀಪದ ನೌಕಾಪಡೆಯ ನಿಲ್ದಾಣದಲ್ಲಿ. ನೀರಿನ ನಡುವೆ ಬೆಳೆಯಲು ಜಾಗವಿಲ್ಲದ ನಿಲ್ದಾಣ ಅದು. ಆದ್ದರಿಂದ ಸಿಮ್ಯುಲೇಟರ್‌ನಲ್ಲಿ 1999ಕ್ಕಿಂತ ಹಿಂದಿನ ವರ್ಷ ಆರಿಸಿಕೊಂಡವರು ನೆಡುಂಬಾಶ್ಶೇರಿಯ ಸಂಕೇತವಾದ ವಿಒಸಿಐ ಬಿಟ್ಟು, ನೌಕಾನೆಲೆಯ ವಿಒಸಿಸಿ ಎಂಬ ಸಂಕೇತಕ್ಕೆ ಹೋಗಬೇಕು. ಸಂಚರಣೆಯ ದತ್ತಾಂಶವನ್ನೂ ಹಿಂದಿನ ಕಾಲಕ್ಕೆ ತಿದ್ದಬೇಕು.

ತಿರುವನಂತಪುರದ ನಿಲ್ದಾಣ 1930ರ ದಶಕದಿಂದಲೂ ಶಂಖುಮುಖದ ಕಡಲ ದಂಡೆಯ ಪಕ್ಕದಲ್ಲೇ ಇದೆ. ಪದ್ಮನಾಭಸ್ವಾಮಿ ದೇವಸ್ಥಾನದ ಆರಾಟ್ಟು ಮೆರವಣಿಗೆ ವರ್ಷಕ್ಕೆ ಎರಡು ಸಲ ಈ ರನ್‌ವೇಯನ್ನು ದಾಟಿ ಕಡಲಿಗೆ ಹೋಗುತ್ತದೆ, ಆ ಹೊತ್ತು ವಿಮಾನಗಳು ನಿಲ್ಲುತ್ತವೆ. ಯಾವ ಸಿಮ್ಯುಲೇಟರ್ ವೇಳಾಪಟ್ಟಿ ಮಾಡುವವರಾದರೂ ಇದನ್ನು ಸೇರಿಸಿದರೆ ಚೆಂದ.

ಕೊಚ್ಚಿಯಿಂದ ತಿರುವನಂತಪುರಕ್ಕೆ ನೇರ ದೂರ ಸುಮಾರು 195 ಕಿಲೋಮೀಟರ್. ಗೇರ್, ಬ್ರೇಕು, ಇಳಿಯುವಾಗಿನ ಮೂತಿಯ ಕೋನ ಇವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಹಾದಿಯಿಲ್ಲ. ಎರಡೂ ಕಡೆ ಸುಮಾರು 3,400 ಮೀಟರ್ ರನ್‌ವೇ, ಸಮುದ್ರಮಟ್ಟದ ದಟ್ಟ ಗಾಳಿ, ವರ್ಷವಿಡೀ ಸೆಕೆ. ಆದರೆ ವಿಮಾನ ಎತ್ತರಕ್ಕೆ ಏರಿ ನೆಲೆಗೊಳ್ಳುವ ಮೊದಲೇ ಇಳಿಯುವ ಹೊತ್ತಾಗುವುದರಿಂದ ಇಂಧನದ ಅಂಕಿ ಇಲ್ಲಿ ನಂಬಲರ್ಹವಲ್ಲ. ಅದಕ್ಕೆ ತಿರುವನಂತಪುರದಿಂದ ದೆಹಲಿ ಅಥವಾ ಕೊಲ್ಲಿಯವರೆಗೆ ಹಾರಿಸಿ ನೋಡಬೇಕು.

ಎಲ್ಲಿಯವರೆಗೆ ಹಿಂದಕ್ಕೆ?

ಒಂದೇ ಹೆಸರಿನ ಎಲ್ಲ ವಿಮಾನಗಳೂ ಹೀಗೆ ಹಿಂದಕ್ಕೆ ಬರಲಾರವು. 2005ರ ಏಪ್ರಿಲ್ 29ರಂದು ತಿರುವನಂತಪುರದಿಂದ ಅಬುಧಾಬಿಗೆ ಹಾರಿ ಸೇವೆ ಆರಂಭಿಸಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800ಕ್ಕೆ ಒಳ್ಳೆಯ ಆ್ಯಡ್-ಆನ್‌ಗಳಿವೆ. ಎಕ್ಸ್-ಪ್ಲೇನ್‌ನ ಜಿಬೊ ಎಂಬ ಆ್ಯಡ್-ಆನ್ ಉಚಿತವಾದದ್ದು. ಅದನ್ನು 600, 700 ಮಾದರಿಗಳಿಗೆ ಒಗ್ಗಿಸಿದವರಿದ್ದಾರೆ. ರೆಕ್ಕೆ, ಎಂಜಿನ್ ವಂಶ, ಕಾಕ್‌ಪಿಟ್ ಒಂದೇ ಆಗಿರುವುದರಿಂದ ಅದು ಸಾಧ್ಯ. ಆದರೆ ಅದರಿಂದ ಇಂಡಿಯನ್ ಏರ್‌ಲೈನ್ಸ್ 1970ರ ದಶಕದಲ್ಲಿ ಹಾರಿಸಿದ 737-200 ಮಾಡಹೊರಟರೆ ಉಳಿಯುವುದು ವಿಮಾನದ ಒಡಲಿನ ಅಡ್ಡಗಲವೊಂದೇ. ಉದ್ದ 39.5 ಮೀಟರ್‌ನಿಂದ 30.5ಕ್ಕೆ ಇಳಿಯಬೇಕು. ರೆಕ್ಕೆ ಬೇರೆ, ರೆಕ್ಕೆಗೆ ಅಂಟಿಕೊಂಡಂತಿರುವ ತೆಳ್ಳನೆಯ ಜೆಟಿ8ಡಿ ಎಂಜಿನ್ ಬೇರೆ, ಮುಳ್ಳಿನ ಗಡಿಯಾರಗಳ ಕಾಕ್‌ಪಿಟ್ ಬೇರೆ. ಅಂತಹ ಕಡೆ ಮೊದಲಿಂದ ಕಟ್ಟಿದ ವಿಮಾನವನ್ನೇ ಹಿಡಿಯುವುದು ಲೇಸು. 2004ರ ಆವೃತ್ತಿಗೆ ಟಿನ್‌ಮೌಸ್, ಎಕ್ಸ್-ಪ್ಲೇನ್‌ಗೆ ಫ್ಲೈಜೆಸಿಮ್‌ನ 737-200 ಇದ್ದವು.

ಹಕ್ಕಿನ ವಿಚಾರದಲ್ಲಿ ನಿಯಮ ಸರಳ. ಎ32ಎನ್‌ಎಕ್ಸ್‌ನ ಕೋಡ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿದೆ. ಅದನ್ನು ತಿದ್ದಿ, ತಿದ್ದಿದ್ದನ್ನು ಅದೇ ಷರತ್ತಿನ ಮೇಲೆ ಹಂಚಬಹುದು. ಹಣ ಕೊಟ್ಟು ಕೊಂಡ ಆ್ಯಡ್-ಆನ್ ಆದರೆ ಮೂಲ ಮಾಡೆಲ್ ಹಂಚುವಂತಿಲ್ಲ. ಬದಲಾದ ಅಂಕಿಗಳ ಫೈಲನ್ನು ಮಾತ್ರ ಕೊಟ್ಟು, ಮೂಲವನ್ನು ಅವರವರೇ ಕೊಂಡುಕೊಳ್ಳಲಿ ಎನ್ನುವುದು ಬೆಳೆದುಬಂದ ಪದ್ಧತಿ. ಮೂಲ ತಯಾರಕರಿಗೆ ಒಂದು ಪತ್ರ ಬರೆದು ಕೇಳುವುದು ಇನ್ನೂ ಒಳ್ಳೆಯದು.

ಇಂಡಿಯನ್ ಏರ್‌ಲೈನ್ಸ್‌ನ ನಿಜವಾದ ಎ320-231ಗಳು ಈಗ ಹಾರುತ್ತಿಲ್ಲ. 2018ರಿಂದ ತಿರುವನಂತಪುರದಲ್ಲಿ ನಿಂತಿದ್ದ ಏರ್ ಇಂಡಿಯಾದ ಹಳೆಯ ಎ320 ಒಂದನ್ನು ಕಳಚಿ, 2022ರ ನವೆಂಬರ್‌ನಲ್ಲಿ ಟ್ರೇಲರ್‌ಗಳ ಮೇಲೆ ಹೈದರಾಬಾದಿಗೆ ಸಾಗಿಸಿದರು. ಎಂಟು ಚಕ್ರದ ಆ ಕಾಲುಗಳನ್ನು ಜಾಕ್ ಮೇಲೆ ಎತ್ತಿ ದುರಸ್ತಿ ಮಾಡಿದ ತಂತ್ರಜ್ಞರು, ಆ ಸಿಆರ್‌ಟಿ ಪರದೆಗಳ ಮುಂದೆ ಕೂತ ಪೈಲಟ್‌ಗಳು ಕೊಚ್ಚಿ, ತಿರುವನಂತಪುರ, ಬೆಂಗಳೂರುಗಳಲ್ಲಿ ಇನ್ನೂ ಇದ್ದಾರೆ. ಅವರ ಮನೆಗಳಲ್ಲಿ ಗೇರ್‌ನ ಹತ್ತಿರದ ಫೋಟೊ, ಕಾಕ್‌ಪಿಟ್‌ನ ಧ್ವನಿಮುದ್ರಣ, ತೂಕದ ಹಾಳೆ, ತರಬೇತಿಯ ಟಿಪ್ಪಣಿ ಏನಿದ್ದರೂ ರದ್ದಿಗೆ ಹಾಕದೆ ಸ್ಕ್ಯಾನ್ ಮಾಡಿ, ಈ ಕೆಲಸದಲ್ಲಿ ತೊಡಗಿರುವ ಕಿರಿಯರಿಗೆ ಕೊಡಲಿ.